ಇಪ್ಪತ್ತೆರಡು ಮಿಲಿಮೀಟರ್ ಕಿಂಡಿ

ಈ ಸಲ ಟ್ರೈ ಮಾಡಿದ ಸಾಮಾನು ಸಿಗಾರ್ ಕಟ್ಟರ್. ಗಾಬರಿ ಆಗಬೇಡ್ರಿ, ನಾನೇನು ಸಿಗಾರ್ ಸೇದಾಕ ಶುರು ಮಾಡಿಲ್ಲ. ಪುಣೆ ಆಫೀಸಿನ ಗೆಳೆಯನೊಬ್ಬ ಫಾರಿನ್ನಿಂದ ಬಂದಾಗ ಟೀಮಿಗೆಲ್ಲ ಒಂದೊಂದು ಗಿಫ್ಟ್ ತಂದಿದ್ದ. ನನ್ನ ಪಾಲಿಗೆ ಬಂದದ್ದು ಇದು, ಜೊತೆಗೊಂದು ಸಿಗಾರ್. ವರ್ಕ್ ಫ್ರಮ್ ಹೋಮ್ ಅಂತ ಶಿರಗುಪ್ಪಿಗೆ ಬಂದಾಗ ಬ್ಯಾಗಿನೊಳಗೆ ಅವೂ ಬಂದ್ವು.

ಬೆಂಕಿಪೊಟ್ಟಣಕ್ಕಿಂತ ಚೂರು ಉದ್ದ, ಅದಕ್ಕಿಂತ ತೆಳು. ಎರಡೂ ತುದಿಗೆ ಬೆರಳು ಹಾಕುವ ತೂತು, ನಡುವೆ ದುಂಡನೆಯ ಕಿಂಡಿ, ಎರಡೂ ಕಡೆಯಿಂದ ಜಾರಿ ಬಂದು ಕೂಡುವ ಸ್ಟೀಲ್ ಬ್ಲೇಡು. ಕಾಲೇಜಿನ ಕಾಲದ ವರ್ನಿಯರ್ ಇನ್ನೂ ಮನೆಯಲ್ಲಿದೆ, ಅಳೆದೆ: ಕಿಂಡಿ 22 ಮಿ.ಮೀ. ಸಿಗಾರಿನ ದಪ್ಪವನ್ನು ಇಂಚಿನ 64 ಭಾಗದ ಲೆಕ್ಕದಲ್ಲಿ ಹೇಳ್ತಾರೆ. 'ರಿಂಗ್ ಗೇಜ್ 50' ಅಂದ್ರೆ 64ರಲ್ಲಿ 50 ಭಾಗ, ಹತ್ತಿರ ಹತ್ತಿರ 20 ಮಿ.ಮೀ. ಅಂಥದ್ದು ಇದರೊಳಗೆ ಆರಾಮ ಹಿಡಿಸ್ತದೆ.

ಕತ್ತರಿಸೋದು ಯಾಕೆ? ಸಿಗಾರಿನ ಬಾಯಿಗಿಡುವ ತುದಿ ಮುಚ್ಚಿರ್ತದೆ. ಹೊರಗಿನ ಎಲೆ ಬಿಚ್ಚದ ಹಾಗೆ ಅಲ್ಲಿ ಎಲೆಯದೇ ಒಂದು ಸಣ್ಣ ಟೋಪಿ ಅಂಟಿಸಿರ್ತಾರೆ. ಆ ಟೋಪಿಯ ತುದಿ ಮಾತ್ರ, ಒಂದೂವರೆ ಎರಡು ಮಿ.ಮೀ., ಹೋಗಬೇಕು. ಅದಕ್ಕಿಂತ ಕೆಳಗಿಳಿದರೆ ಸುತ್ತಿದ್ದೆಲ್ಲ ಬಿಚ್ಚಿಕೊಂಡು ಬರ್ತದೆ. ಅಂಜಿ ಅಂಜಿ ಒತ್ತಿದರೆ ಎಲೆ ಹರೀತದೆ, ಒಂದೇ ಏಟಿಗೆ ಒತ್ತಬೇಕು. ಒತ್ತಿದೆ. ಟಕ್ ಅಂತ ಬಿತ್ತು, ಬ್ಲೇಡಿನಿಂದ ಕೊಯ್ದ ಕಾಗದದಷ್ಟು ನೀಟು. ಆಮೇಲೆ ಸುಮ್ಮನೆ ಕೂಡಲಾಗದೆ ನುಗ್ಗೆಕಾಯಿ (ಪಾಸ್), ಎಳೆ ಗಜ್ಜರಿ (ಪಾಸ್), ಕಬ್ಬಿನ ಸೋಗೆ (ನಾರು ಸಿಕ್ಕಿಕೊಂಡು ಫೇಲ್).

ಅಷ್ಟರಲ್ಲಿ ಕಾಕಾ ಬಂದ್ರು. ಕಟ್ಟರ್ ತಿರುಗಿಸಿ ಮುರುಗಿಸಿ ನೋಡಿ, "ಇಷ್ಟಕ್ಕ ಇಷ್ಟ್ ಡೌಲ ಏನಪಾ? ಬೀಡಿಗೆ ಇದು ಬೇಕೇನು?" ಅಂದ್ರು.

ಬೇಡ ಖರೆ. ಬೀಡಿಯಲ್ಲಿ ಕತ್ತರಿ ಕೆಲಸ ಸುತ್ತೋಕೆ ಮೊದಲೇ ಮುಗಿದಿರ್ತದೆ: ಎಲೆ ನೆನೆಸಿ, ಅಳತೆಗೆ ಸರಿಯಾಗಿ ಕತ್ತರಿಸಿ, ಆಮೇಲೆ ತಂಬಾಕು ಹಾಕಿ ಸುತ್ತಿ ದಾರ ಕಟ್ಟೋದು. ತಮಿಳುನಾಡಿನ ತಿರುಚಿರಾಪಳ್ಳಿಯ ಚುಟ್ಟಕ್ಕೂ ಎರಡೂ ತುದಿ ತೆರೆದೇ ಇರ್ತವೆ. ನಮ್ಮ ನಿಪ್ಪಾಣಿ ಕಡೆ ಬೆಳೆಯೋದು ಬೀಡಿ ತಂಬಾಕು. 1981ರಲ್ಲಿ ಅದಕ್ಕೆ ಸರಿಯಾದ ದರ ಬೇಕು ಅಂತ ಶರದ್ ಜೋಶಿಯವರ ಜೊತೆ ರೈತರು ನಿಪ್ಪಾಣಿಯಲ್ಲಿ ಹೆದ್ದಾರಿ ಮೇಲೇ ಕುಂತರು, ಗೋಲಿಬಾರಿನಲ್ಲಿ 12 ಜನ ಹೋದರು. ಕಾಕಾನ ತಲೆಮಾರಿಗೆ ತಂಬಾಕು ಅಂದ್ರೆ ಚಟ ಅಷ್ಟೇ ಅಲ್ಲ, ಹೊಟ್ಟೆಪಾಡೂ ಹೌದು.

ಕಾಕಾ ಒಳಗಿಂದ ತಮ್ಮ ಚಂಚಿ ತಂದು ಅಡಕೊತ್ತು ತೆಗೆದ್ರು. ಕಿಸೆಯಲ್ಲಿ ಹಿಡಿಸುವ ಸೈಜಿನಲ್ಲಿ ಇದಕ್ಕಿಂತ ಒಳ್ಳೆ ಡಿಸೈನ್ ನಾನು ನೋಡಿಲ್ಲ. ಒಂದು ತುದಿಗೆ ಕೀಲು, ಕೀಲಿನ ಪಕ್ಕದಲ್ಲೇ ಅಡಕಿ, ದೂರದಲ್ಲಿ ಕೈ. ಕೈಯ ಬಲ ಅಲ್ಲಿಗೆ ಹೋಗೋದ್ರೊಳಗೆ ಮೂರು ನಾಲ್ಕು ಪಟ್ಟು ಆಗಿರ್ತದೆ. ಕಟ್ಟರಿನಲ್ಲಿ ಈ ಲಿವರ್ ಇಲ್ಲ, ಬೆರಳಿನ ಬಲವೇ ಬ್ಲೇಡಿನ ಬಲ. ಅಡಕಿ ಇಟ್ಟು ಒತ್ತಿದೆ, ಗೀರು ಬಿತ್ತು, ಅಷ್ಟೇ. ಅಡಕೊತ್ತಿಗೆ ಐದಕ್ಕೆ ಐದು ಸ್ಟಾರ್.

ಆದ್ರೆ ಆ ಅಡಕೊತ್ತಿಗೆ ಈಗ ಎರಡು ತಿಂಗಳಿಂದ ಕೆಲಸ ಇಲ್ಲ. ಕಾಕಾಗೆ ಮೊದಮೊದಲು ಖಾರ ಬಾಯಿಗಿಟ್ಟರೆ ಉರೀತಿತ್ತು. ಆಮೇಲೆ ರೊಟ್ಟಿ ತುತ್ತು ಸಣ್ಣದಾಗ್ತಾ ಬಂತು. ಮಿರಜಿನ ಡಾಕ್ಟರು ಮೊದಲು ಮಾಡಿಸಿದ ಪರೀಕ್ಷೆಗೆ ಯಾವ ಮಷಿನ್ನೂ ಬೇಕಿರಲಿಲ್ಲ: ನಿಮ್ಮವೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹಾಕ್ರಿ ಅಂದ್ರು. ಆರೋಗ್ಯದ ಬಾಯಿಗೆ ಮೂರೂ ಹೋಗ್ತವೆ. ಕಾಕಾಗೆ ಒಂದು ಹೋಯ್ತು, ಎರಡನೇದು ಅರ್ಧಕ್ಕೆ ನಿಂತಿತು. ಅಳೆದಾಗ 20 ಮಿ.ಮೀ. ಸಿಗಾರ್ ಕಟ್ಟರಿನ ಕಿಂಡಿ ಅದಕ್ಕಿಂತ ಎರಡು ಮಿ.ಮೀ. ದೊಡ್ಡದು.

ಇದರ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಗಲ್ಲದ ಒಳಗಿನ ಮೆತ್ತನೆಯ ಪದರ ನಾರು ನಾರಾಗಿ ಬಿಗಿದುಕೊಳ್ತದೆ. ಕೆಲವರಲ್ಲಿ ಮುಂದೆ ಕ್ಯಾನ್ಸರೂ ಆಗ್ತದೆ. "ನಾ ತಂಬಾಕ ಬಿಟ್ಟು ಹತ್ತು ವರ್ಷ ಆತ್ರಿ, ಬರೇ ಅಡಕಿ" ಅಂತ ಕಾಕಾ ವಾದ ಮಾಡಿದ್ರು. ಇದಕ್ಕೆ ಮುಖ್ಯ ಕಾರಣವೇ ಅಡಕಿ ಅಂದ್ರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಬರೀ ಅಡಕಿಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ 20 ವರ್ಷದ ಮೇಲಾಯ್ತು. ಗುಟಖಾ ಪ್ಯಾಕೆಟ್ ಬಗ್ಗೆ ನಾವೆಲ್ಲ ಭಾಷಣ ಮಾಡ್ತೀವಿ, ಮದುವೆ ಮನೆಯ ತಟ್ಟೆಯಲ್ಲಿರೋ ಅಡಕಿ ಬಗ್ಗೆ ಯಾರೂ ಬಾಯಿ ಬಿಡಲ್ಲ. ಸ್ಟ್ಯಾಂಡ್-ಅಪ್ ಮೀಟಿಂಗಿನ ನಡುವೆ ಕ್ಯಾಮೆರಾ ಆಫ್ ಮಾಡಿ ಸುಪಾರಿ ಪುಡಿ ಹಾಕ್ಕೊಳ್ಳೋ ಇಬ್ಬರು ನಮ್ಮ ಟೀಮಿನಲ್ಲೇ ಇದ್ದಾರೆ. ಇಬ್ಬರಿಗೂ ಮೂವತ್ತು ದಾಟಿಲ್ಲ.

ಬಿಗಿದ ನಾರು ಪೂರ್ತಿ ಮೊದಲಿನಂತೆ ಆಗೋದಿಲ್ಲ. ಅಡಕಿ ಬಿಡಬೇಕು, ಗಲ್ಲಕ್ಕೆ ಇಂಜೆಕ್ಷನ್, ಕೆಲವು ತಿಂಗಳಿಗೊಮ್ಮೆ ತಪಾಸಣೆ, ಜೊತೆಗೆ ಬಾಯಿಯ ವ್ಯಾಯಾಮ. ವ್ಯಾಯಾಮದ ಸಾಮಾನು ಐಸ್‌ಕ್ರೀಮ್ ಕಡ್ಡಿ. ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಹಿಡಿಯೋದು, ಒಗ್ಗಿದ ಮೇಲೆ ನಡುವೆ ಇನ್ನೊಂದು ತೂರಿಸೋದು. ಕಾಕಾ ಹತ್ತು ಕಡ್ಡಿಯಿಂದ ಶುರು ಮಾಡಿದ್ರು. ಸಂಜೆ ಕಟ್ಟೆ ಮೇಲೆ ಕುಂತು, ಮಾತಾಡಲು ಬಾರದೆ ಕೈಸನ್ನೆಯಲ್ಲೇ ಎಲ್ಲರನ್ನೂ ಬೈತಾರೆ. ನಿನ್ನೆ ಹದಿಮೂರು ಹಿಡಿಸಿದ್ವು. ಹದಿನಾಲ್ಕನೇದು ತೂರಿಸಾಕ ಹೋದಾಗ ಕಣ್ಣಲ್ಲಿ ನೀರು ಬಂತು, ತೆಗೆದಿಟ್ರು.