‘ಅನುಭವ ಎಲ್ಲಿಂದ ತರ್ಲಿ, ಚಿಗವ್ವ?’

ಹೋದ ತಿಂಗಳು ಒಂದು ಶನಿವಾರ ತವರೂರು ತುಳಸಿಗೇರಿಗೆ ಹೋಗಿದ್ದೆ. ಹನುಮಪ್ಪನ ದರ್ಶನ ಮುಗಿಸಿ ಅಕ್ಕನ ಮನೆಗೆ ಬಂದರೆ ಅವಳ ಮಗಳು ಸರ್ಟಿಫಿಕೇಟಿನ ಫೈಲು ಮುಂದಿಟ್ಟುಕೊಂಡು ಸಪ್ಪಗೆ ಕೂತಿದ್ದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ತಿಂಗಳಾಗಿದೆ. ಬಾಗಲಕೋಟೆಯಲ್ಲಿ ಮೂರು ಆಸ್ಪತ್ರೆ ಸುತ್ತಿ ಬಂದಿದ್ದಾಳೆ.

“ಎಲ್ಲಾ ಕಡೆ ಒಂದ ಮಾತು, ಎರಡ ವರ್ಷ ಎಕ್ಸ್‌ಪೀರಿಯನ್ಸ್ ಇದ್ರ ಬಾ ಅಂತಾರ. ಕೆಲಸಾನ ಕೊಡದಿದ್ರ ಅನುಭವ ಎಲ್ಲಿಂದ ತರ್ಲಿ, ಚಿಗವ್ವ?”

ಒಳಗಿನಿಂದ ಅಕ್ಕನ ದನಿ: “ಸಾಕ್ ಬಿಡ. ಒಂದ ಛಲೋ ವರ ಬಂದೈತಿ. ಕೆಲಸದ ಗೊಡವಿ ಬ್ಯಾಡ ಅಂದಾರ.”

ನೋಡಿ, ನಾಲ್ಕು ವರ್ಷ ಸಾಲ ಮಾಡಿ ಓದಿಸಿದ್ದು ನಾಲ್ಕೇ ತಿಂಗಳಲ್ಲಿ ‘ಸಾಕು’ ಆಗಿಬಿಟ್ಟಿತು! ಇದು ನಮ್ಮಕ್ಕನ ಮನೆಯದ್ದಷ್ಟೇ ಕಥೆ ಅಲ್ಲ, ಅಲ್ವಾ?

ನೀರಿಗಿಳಿಯದೆ ಈಜು ಬರುವುದಿಲ್ಲ. ಆದರೆ ಈ ಹುಡುಗಿಯರು ನೀರಿಗೇ ಇಳಿದಿಲ್ಲ ಎನ್ನುವುದು ಸುಳ್ಳು. ಓದುವಾಗಲೇ ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಐಸಿಯು ಎಲ್ಲ ಕಡೆ ಪಾಳಿ ಮಾಡಿರುತ್ತಾರೆ. ಕೊನೆಗೆ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಬೇರೆ. ನಮ್ಮ ಹುಡುಗಿ ಬಯೋಡೇಟಾದಲ್ಲಿ ಬರೆದದ್ದು ಮಾತ್ರ ಅಂಕಗಳು ಮತ್ತು ‘ಪ್ರಾಮಾಣಿಕವಾಗಿ ದುಡಿಯುತ್ತೇನೆ’ ಎಂಬ ಒಂದು ಸಾಲು! ಇಬ್ಬರೂ ಕೂತು ಹೊಸದಾಗಿ ಬರೆದೆವು. ಯಾವ ವಾರ್ಡಿನಲ್ಲಿ ಎಷ್ಟು ವಾರ, ಎಷ್ಟು ಹೆರಿಗೆಗೆ ನೆರವಾದಳು, ಏನೇನು ಸ್ವಂತ ಕೈಯಿಂದ ಮಾಡಿದಳು... ಲಾಗ್‌ಬುಕ್ ನೋಡಿ ಬರೆಯುತ್ತಾ ಹೋದಂತೆ ಅವಳ ಮುಖವೇ ಬದಲಾಯಿತು.

ನಿಮ್ಮ ಮನೆಯಲ್ಲೂ ಇಂಥ ಮಗಳಿದ್ದರೆ ಈ ಮಾತುಗಳು ನೆನಪಿರಲಿ:

* ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮೊದಲು ಆಗಲಿ. ಅದಿಲ್ಲದೆ ಉಳಿದ ಓಡಾಟವೆಲ್ಲ ವ್ಯರ್ಥ.

* ಅರ್ಜಿಯನ್ನು ಕೌಂಟರಿನಲ್ಲಿ ಕೊಟ್ಟು ಬರಬೇಡಿ ಎನ್ನಿ. ನರ್ಸಿಂಗ್ ಸೂಪರಿಂಟೆಂಡೆಂಟರನ್ನೇ ಕೇಳಿ ಭೇಟಿಯಾಗಲಿ.

* ಸರಕಾರಿ ಕೆಲಸಕ್ಕೂ ಕಣ್ಣಿರಲಿ. ಏಮ್ಸ್ ಆಸ್ಪತ್ರೆಗಳ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ನರ್ಸಿಂಗ್ ಆದವರಿಗೆ ಅನುಭವದ ಷರತ್ತಿಲ್ಲ. ಜಿಎನ್‌ಎಂ ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಅಂಥವರು ಮೊದಲ ಕೆಲಸ ಹಿಡಿಯುವಾಗಲೇ ಹಾಸಿಗೆ ಎಷ್ಟು ಎಂದು ವಿಚಾರಿಸಿಕೊಳ್ಳುವುದು ಜಾಣತನ.

* ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಒತ್ತೆ ಇಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ. ನೇಮಕದ ಪತ್ರ ಕೇಳಿ ಪಡೆಯಿರಿ. ಕೆಲಸ ಬಿಡುವ ದಿನ ಅನುಭವ ಪತ್ರಕ್ಕಾಗಿ ಬೇಡಿಕೊಳ್ಳುವ ಗತಿ ಬರಬಾರದು.

ಇನ್ನು ಸಂಬಳದ ವಿಷಯ. ‘ಕಲಿಯೋಕೆ ಬಂದವಳಿಗೆ ಸಂಬಳ ಯಾಕೆ?’ ಎನ್ನುವವರಿದ್ದಾರೆ. ಅವಳು ಹಾಕುವ ಸೂಜಿಗೆ ರೋಗಿಯಿಂದ ಬಿಲ್ ಪಡೆಯುವುದಿಲ್ಲವೇ? ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಂತೆ ಕೇಂದ್ರ ಸರಕಾರ ಒಂದು ಸಮಿತಿ ರಚಿಸಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಹಾಳೆಯ ಮೇಲಿದ್ದರೆ ಹೊಟ್ಟೆ ತುಂಬುತ್ತದೆಯೇ? ಹಾಗಂತ ನಮಗೆ ಗೊತ್ತೇ ಇರದಿದ್ದರೆ ಕೇಳುವುದಾದರೂ ಹೇಗೆ? ಮೊದಲ ವರ್ಷ ಸ್ವಲ್ಪ ಕಡಿಮೆಗೆ ಒಪ್ಪುವುದು ಬೇರೆ, ಬಿಟ್ಟಿ ದುಡಿಯುವುದು ಬೇರೆ.

ಆದರೆ ನನ್ನ ದೊಡ್ಡ ತಕರಾರು ಆಸ್ಪತ್ರೆಗಳ ಮೇಲಲ್ಲ, ನಮ್ಮ ಮೇಲೇ! ನಮಗೆ ಜ್ವರ ಬಂದು ಅಡ್ಮಿಟ್ ಆದರೆ ರಾತ್ರಿ ಎರಡಕ್ಕೂ ಸಿಸ್ಟರ್ ಬೇಕು. ನಮ್ಮ ಮಗಳಿಗೆ ಮಾತ್ರ ನೈಟ್ ಡ್ಯೂಟಿ ಬೇಡ, ಸೊಸೆ ನರ್ಸ್ ಆದರೆ ‘ಜನ ಏನಂದಾರು’ ಎಂಬ ಚಿಂತೆ. ಮೂರು ಕಡೆ ‘ಇಲ್ಲ’ ಅಂದದ್ದಕ್ಕೆ ಮದುವೆಯೇ ಔಷಧಿಯೇ?

ಅಕ್ಕನಿಗೆ ಅಷ್ಟೇ ಹೇಳಿ ಬಂದೆ: “ಒಂದ ವರ್ಷ ತಡಿಯವಾ. ವರ ಮತ್ತ ಸಿಗ್ತಾನ. ಕಲಿತ ಕೈ ಮನ್ಯಾಗ ಕುಂತ್ರ ಮರತ ಹೋಗ್ತೈತಿ.”

ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಸೋಮವಾರ ಹುಡುಗಿ ನಾಲ್ಕನೇ ಆಸ್ಪತ್ರೆಗೆ ಹೊರಟಾಗ ಬುತ್ತಿ ಕಟ್ಟಿಕೊಟ್ಟಳಂತೆ. ಸದ್ಯಕ್ಕೆ ಅಷ್ಟು ಸಾಕು. ನೀವೇನಂತೀರಿ?