ಓದುವವರಿಲ್ಲದ ಪ್ರಮಾಣಪತ್ರ



ವಿಧಾನಸಭಾ ಚುನಾವಣೆ ಸಮೀಪಿಸಿದೊಡನೆ ನಮ್ಮ ನಾಡಿನಲ್ಲಿ ಎರಡು ಬಗೆಯ ಸಂಶೋಧನೆಗಳು ಭರದಿಂದ ಆರಂಭವಾಗುತ್ತವೆ. ಒಂದು, ಪಕ್ಷಗಳ ಕಚೇರಿಗಳಲ್ಲಿ ನಡೆಯುವಂಥದು. ಎದುರಾಳಿಯ ಹಳೆಯ ಭಾಷಣ, ಹಳೆಯ ಮೊಕದ್ದಮೆ, ಹಳೆಯ ಜಗಳ, ದೊರೆತರೆ ಒಂದು ಸಿ.ಡಿ. ಇವನ್ನೆಲ್ಲ ಕಲೆಹಾಕಿ ಕಡತ ಮಾಡಿಟ್ಟುಕೊಳ್ಳುವುದಕ್ಕೆ ಈಗ ಸಂಬಳದ ತಂತ್ರಜ್ಞರೇ ಇದ್ದಾರೆ. ಇನ್ನೊಂದು, ಹೋಟೆಲಿನ ಮೇಜಿನ ಸುತ್ತ, ಅರಳಿಕಟ್ಟೆಯ ಮೇಲೆ, ಈಚೆಗೆ ವಾಟ್ಸಾಪಿನಲ್ಲಿ ನಡೆಯುವಂಥದು. "ಅವನಿಗೆ ಬೆಂಗಳೂರಿನಲ್ಲಿ ನಾಲ್ಕು ಮನೆಗಳಿವೆಯಂತೆ" ಎಂಬಲ್ಲಿ ಅದು ತೊಡಗುತ್ತದೆ, "ಅಂತೆ"ಯಲ್ಲಿಯೇ ಮುಗಿಯುತ್ತದೆ. ಮೂರನೆಯ ಬಗೆಯ ಸಂಶೋಧನೆಯೊಂದುಂಟು. ಅದು ಮತದಾರನು ತಾನಾಗಿ ಸಾರ್ವಜನಿಕ ದಾಖಲೆಗಳನ್ನು ತೆರೆದು ಓದುವುದು. ಅದಕ್ಕೆ ಜನವಿಲ್ಲ. ಈ ಬರಹ ಆ ಆಲಸ್ಯದ ಮೇಲಿನ ದೂರು. ದೂರು ನಿಮ್ಮ ಮೇಲೆಯೇ, ಏಕೆಂದರೆ ನೀವು ಓದಬಲ್ಲವರು.

ಮೊದಲಿಗೆ, ಈ ಓದುವ ಹಕ್ಕು ನಮಗೆ ಬಂದ ಬಗೆಯನ್ನು ನೆನಪಿಸಿಕೊಳ್ಳೋಣ. 1999ರಲ್ಲಿ ಅಹಮದಾಬಾದಿನ ಐ.ಐ.ಎಂ.ನ ಕೆಲವು ಪ್ರಾಧ್ಯಾಪಕರು ಕೂಡಿ ಕಟ್ಟಿದ ಎ.ಡಿ.ಆರ್. ಎಂಬ ಸಂಸ್ಥೆ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಭ್ಯರ್ಥಿಯ ಅಪರಾಧ ಹಿನ್ನೆಲೆ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದು 2002ರ ಮೇ 2ರಂದು ಆ ನ್ಯಾಯಾಲಯ ಸಾರಿತು. ಆಗ ಏನಾಯಿತು? ದಿನ ಬೆಳಗಾದರೆ ಪರಸ್ಪರ ಬೈದಾಡುತ್ತಿದ್ದ ಪಕ್ಷಗಳೆಲ್ಲ ಆ ಒಂದು ವಿಷಯದಲ್ಲಿ ಒಂದೇ ತಾಯಿಯ ಮಕ್ಕಳಂತೆ ಒಗ್ಗಟ್ಟಾದವು. ತೀರ್ಪನ್ನು ತೆಳುವಾಗಿಸುವ ಸುಗ್ರೀವಾಜ್ಞೆಯೊಂದು ಸಿದ್ಧವಾಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಮರುಪರಿಶೀಲಿಸಿ ಎಂದು ಅದನ್ನು ಹಿಂದಿರುಗಿಸಿದರು. ಸಚಿವ ಸಂಪುಟ ಅದನ್ನೇ ಮತ್ತೆ ಕಳುಹಿಸಿತು, ಅವರು ಸಂವಿಧಾನಕ್ಕೆ ಕಟ್ಟುಬಿದ್ದು ಸಹಿ ಹಾಕಬೇಕಾಯಿತು. ಕಡೆಗೆ 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟು ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಸೇರಿಸಿದ್ದ 33-ಬಿ ಕಲಮನ್ನು ರದ್ದುಪಡಿಸಿದ ಮೇಲೆಯೇ ನಮಗೆ ಈ ಹಕ್ಕು ಗಟ್ಟಿಯಾಗಿ ದಕ್ಕಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಡಲಾರೆ.

ಇಷ್ಟು ಹೋರಾಡಿ ಪಡೆದ ಆ ಕಾಗದವೇ ನಮೂನೆ 26. ನಾಮಪತ್ರದೊಡನೆ ಪ್ರತಿಯೊಬ್ಬ ಅಭ್ಯರ್ಥಿಯೂ ನೋಟರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಸಲ್ಲಿಸಬೇಕಾದ ಅಫಿಡವಿಟ್ಟು. ಬಾಕಿಯಿರುವ ಮೊಕದ್ದಮೆಗಳ ಕಲಂ ಮತ್ತು ಹಂತ, ಶಿಕ್ಷೆಯಾಗಿದ್ದರೆ ಅದರ ವಿವರ, ಐದು ವರ್ಷಗಳ ಆದಾಯ ತೆರಿಗೆ ವಿವರ, ಕೈಯಲ್ಲಿರುವ ನಗದು, ಠೇವಣಿ, ವಾಹನ, ಒಡವೆ, ಜಮೀನಿನ ಸರ್ವೆ ನಂಬರು ಮತ್ತು ವಿಸ್ತೀರ್ಣ, ಅದು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡದ್ದಾದರೆ ಕೊಂಡ ದಿನಾಂಕ ಮತ್ತು ಬೆಲೆ, ಈಗಿನ ಅಂದಾಜು ಬೆಲೆ, ಬ್ಯಾಂಕಿನ ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಸರ್ಕಾರದೊಡನೆ ಇರುವ ಗುತ್ತಿಗೆ ಎಲ್ಲವೂ ಅದರಲ್ಲಿ ಇರಬೇಕು. ಪತಿ ಅಥವಾ ಪತ್ನಿಯ, ಅವಲಂಬಿತರ ಆಸ್ತಿಯೂ ಅಲ್ಲಿಯೇ. 2018ರ ತೀರ್ಪೊಂದರ ನಂತರ ಆದಾಯದ ಮೂಲವನ್ನೂ ಹೇಳಬೇಕು. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲವೆಂದು 2013ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಇದು ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ.

ಹೆಣ್ಣು ಕೊಡುವಾಗ, ತರುವಾಗ ನಾವು ಏಳು ತಲೆಮಾರನ್ನು ವಿಚಾರಿಸುತ್ತೇವೆ. ಹತ್ತು ಗುಂಟೆ ಜಮೀನು ಕೊಳ್ಳುವಾಗ ಪಹಣಿ ತೆಗೆಸುತ್ತೇವೆ, ಋಣಭಾರ ಪತ್ರ ತರಿಸುತ್ತೇವೆ, ವಕೀಲರಿಗೆ ತೋರಿಸುತ್ತೇವೆ. ಐದು ವರ್ಷದ ಮಟ್ಟಿಗೆ ಒಂದು ತಾಲ್ಲೂಕಿನ ಶಾಲೆ, ಆಸ್ಪತ್ರೆ, ಕೆರೆ, ರಸ್ತೆಗಳನ್ನು ಒಬ್ಬರ ಕೈಗೆ ಒಪ್ಪಿಸುವಾಗ ಮಾತ್ರ ಫ್ಲೆಕ್ಸಿನ ಮೇಲಿನ ನಗುಮುಖ ಸಾಕು! ಇದು ಎಂಥ ವಿವೇಕ?

"ಮೇಷ್ಟ್ರೇ, ಅದರಲ್ಲಿ ಸುಳ್ಳನ್ನೇ ಬರೆದಿರುತ್ತಾರೆ, ಓದಿ ಏನು ಪ್ರಯೋಜನ?" ಎಂದು ನಿಮ್ಮಲ್ಲಿ ಹಲವರು ಕೇಳುವಿರಿ. ಉತ್ತರಪತ್ರಿಕೆಗಳನ್ನು ತಿದ್ದಿ ಕಣ್ಣು ಸವೆಸಿಕೊಂಡವನ ಉತ್ತರ ಇದು: ಬರೆದ ಸುಳ್ಳು ಹೇಳಿದ ಸುಳ್ಳಿಗಿಂತ ನೂರು ಪಾಲು ಉಪಯುಕ್ತ. ಬರೆದದ್ದನ್ನು ಇನ್ನೊಂದು ಬರಹದೊಡನೆ ಹೋಲಿಸಬಹುದು. 2018ರ ಪ್ರಮಾಣಪತ್ರವನ್ನೂ 2023ರ ಪ್ರಮಾಣಪತ್ರವನ್ನೂ ಅಕ್ಕಪಕ್ಕ ಇಡಿ. ಯಾವ ಸರ್ವೆ ನಂಬರು ಹೊಸದಾಗಿ ಬಂದಿದೆ, ಯಾವುದು ಮಾಯವಾಗಿದೆ, ಯಾವ ಸಾಲ ತೀರಿದೆ ಎಂದು ಗುರುತು ಹಾಕಿ. ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆಯ ಪುಣ್ಯದಿಂದ ಸರ್ವೆ ನಂಬರು ತಿಳಿದಿದ್ದರೆ ಪಹಣಿಯನ್ನು ಕುಳಿತಲ್ಲಿಯೇ ನೋಡಬಹುದು. ನೋಂದಣಿ ಇಲಾಖೆಯ ಮಾರ್ಗಸೂಚಿ ದರಪಟ್ಟಿಯೂ ಬಹಿರಂಗ ದಾಖಲೆ, ಘೋಷಿಸಿದ ಬೆಲೆ ಅದರ ಹತ್ತಿರಕ್ಕಾದರೂ ಬರುತ್ತದೆಯೇ ಎಂದು ನೋಡಬಹುದು. ಮೊಕದ್ದಮೆಯ ಸಂಖ್ಯೆ ಹಾಕಿದರೆ ಇ-ಕೋರ್ಟ್ಸ್ ತಾಣದಲ್ಲಿ ಅದರ ಸ್ಥಿತಿ ಕಾಣುತ್ತದೆ. ಹಾಲಿ ಶಾಸಕರು ಸದನದಲ್ಲಿ ಏನು ಕೇಳಿದರು ಎಂಬುದು ಕಲಾಪದ ದಾಖಲೆಗಳಲ್ಲಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಲ್ಲಿ ಖರ್ಚಾಯಿತೆಂದು ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಜಿಲ್ಲಾಧಿಕಾರಿಗಳ ಕಚೇರಿಯನ್ನು ಕೇಳಬಹುದು. ಲೋಕಾಯುಕ್ತ ಕಾಯ್ದೆಯ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು, ಸಲ್ಲಿಸಿದರೇ ಎಂದು ವಿಚಾರಿಸಬಹುದು. ಇದರಲ್ಲಿ ಗುಪ್ತಚರ ಕೆಲಸ ಯಾವುದೂ ಇಲ್ಲ. ಹತ್ತನೆಯ ತರಗತಿಯ ಲೆಕ್ಕ, ಸ್ವಲ್ಪ ತಾಳ್ಮೆ, ಇಷ್ಟೇ ಬಂಡವಾಳ.

ಆದರೆ ಓದುವಾಗ ನ್ಯಾಯವಂತಿಕೆ ಬೇಕು. 2023ರಲ್ಲಿ ಗೆದ್ದವರ ಪೈಕಿ ಎ.ಡಿ.ಆರ್. ಪರಿಶೀಲಿಸಿದ 223 ಶಾಸಕರಲ್ಲಿ 122 ಮಂದಿ ತಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆಗಳಿವೆಯೆಂದು ತಾವೇ ಘೋಷಿಸಿದ್ದರು. ಸಂಖ್ಯೆ ಕೇಳಿದೊಡನೆ ಎದೆ ಬಡಿದುಕೊಳ್ಳಬೇಡಿ, ಕಲಮನ್ನು ಓದಿ. 2022ರ ಜನವರಿಯ ಮೇಕೆದಾಟು ಪಾದಯಾತ್ರೆಯಲ್ಲಿ ಕೋವಿಡ್ ನಿಯಮ ಮೀರಿದರೆಂದು ಹಲವು ಮುಖಂಡರ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಅದೂ ಒಂದು ಮೊಕದ್ದಮೆ, ಕೊಲೆಯತ್ನವೂ ಒಂದು ಮೊಕದ್ದಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವನು ಓದಿದವನಲ್ಲ, ಎಣಿಸಿದವನು. ಎಫ್.ಐ.ಆರ್. ಬೇರೆ, ನ್ಯಾಯಾಲಯ ದೋಷಾರೋಪ ಹೊರಿಸುವುದು ಬೇರೆ, ಶಿಕ್ಷೆ ಬೇರೆ. ಹಾಗೆಯೇ ಅಪ್ಪನಿಂದ ಬಂದ ನಾಲ್ಕು ಎಕರೆಯ ಬೆಲೆ ಊರು ಬೆಳೆದು ಹತ್ತು ಪಟ್ಟಾದರೆ ಅದು ಅಪರಾಧವಾಗದು. ಸಂಬಳವೊಂದೇ ಆದಾಯವೆಂದು ಬರೆದವರ ಹೆಸರಿಗೆ ಹೊಸ ಎಕರೆಗಳು ಸೇರಿದ್ದರೆ ಮಾತ್ರ ಪ್ರಶ್ನೆ ಹುಟ್ಟುತ್ತದೆ.

"ಈ ಕೆಲಸಕ್ಕೆ ಎದುರು ಪಕ್ಷದವರಿದ್ದಾರಲ್ಲ, ಅವರೇ ಅಗೆದು ಹಾಕುತ್ತಾರೆ" ಎಂಬುದು ಇನ್ನೊಂದು ಸಮಾಧಾನ. ಇದು ಎಲ್ಲಕ್ಕಿಂತ ಅಪಾಯಕಾರಿಯಾದ ಭ್ರಮೆ. ವಿಧಾನಸಭೆಯದಲ್ಲದಿದ್ದರೂ ನಮ್ಮ ರಾಜ್ಯದ್ದೇ ಆದ ಒಂದು ಪ್ರಕರಣವನ್ನು ನೋಡಿ. 2019ರ ಹಾಸನ ಲೋಕಸಭಾ ಚುನಾವಣೆಯಲ್ಲಿ ಗೆದ್ದವರು ಆಸ್ತಿಯನ್ನು ಸರಿಯಾಗಿ ಘೋಷಿಸಿಲ್ಲವೆಂದು ತಕರಾರು ಅರ್ಜಿಗಳು ದಾಖಲಾದವು. ಅರ್ಜಿದಾರರಲ್ಲಿ ಒಬ್ಬರು ಅಲ್ಲಿ ಸೋತ ಅಭ್ಯರ್ಥಿ. ಹೈಕೋರ್ಟು ಆ ಆಯ್ಕೆಯನ್ನು ಅಸಿಂಧುಗೊಳಿಸಿದ್ದು 2023ರ ಸೆಪ್ಟೆಂಬರ್ 1ರಂದು, ಎಂದರೆ ನಾಲ್ಕು ವರ್ಷಗಳ ಮೇಲೆ. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂದಿತು, ಲೋಕಸಭೆಯ ಅವಧಿಯೂ ಕಳೆಯಿತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಅದಕ್ಕಿಂತ ವಿಚಿತ್ರವಾದ ಸಂಗತಿ ಬೇರೆಯಿದೆ. ತೀರ್ಪು ಹೊರಬೀಳುವ ವೇಳೆಗೆ ಆ ಸೋತ ಅಭ್ಯರ್ಥಿ ಗೆದ್ದವರ ಪಕ್ಷವನ್ನೇ ಸೇರಿ, ಅದೇ ಚಿಹ್ನೆಯಲ್ಲಿ ಶಾಸಕರಾಗಿಯೂ ಆಯ್ಕೆಯಾಗಿದ್ದರು!

2019ರ ಜುಲೈಯನ್ನೂ ಮರೆಯಬೇಡಿ. ಅಂದು ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಅನರ್ಹರಲ್ಲಿ ಹೆಚ್ಚಿನವರು, ತಾವು 2018ರಲ್ಲಿ ಯಾರ ವಿರುದ್ಧ ಮತ ಕೇಳಿದ್ದರೋ ಅದೇ ಪಕ್ಷದ ಉಮೇದುವಾರರಾಗಿ ನಿಂತರು. ಒಂದೂವರೆ ವರ್ಷದ ಹಿಂದೆ ಅವರ ವಿರುದ್ಧ ಸಿದ್ಧಪಡಿಸಿದ್ದ ಕಡತಗಳು ಏನಾದವು? ಆಗ ಆಪಾದನೆ ಮಾಡಿದ ಬಾಯಿಗಳೇ ಈಗ ಜಯಕಾರ ಹಾಕಿದವು. ಯಾವ ಪಕ್ಷ ಎಂಬುದು ಇಲ್ಲಿ ಮುಖ್ಯವಲ್ಲ. ಎಲ್ಲ ಪಕ್ಷಗಳೂ ಈ ವಿದ್ಯೆಯಲ್ಲಿ ಪಾರಂಗತವೇ. ಎದುರಾಳಿಯು ಕಟ್ಟಿದ ಕಡತಕ್ಕೆ ಎದುರಾಳಿತನ ಇರುವಷ್ಟು ದಿನ ಮಾತ್ರ ಆಯುಷ್ಯ. ಮತದಾರನು ಪಕ್ಷಾಂತರ ಮಾಡಲಾರ. ಆದ್ದರಿಂದ ಕಡತ ಅವನ ಮನೆಯಲ್ಲಿರಬೇಕು.

ಇನ್ನು ಕೆಲವರು ಗೌರವದ ಪ್ರಶ್ನೆ ಎತ್ತುತ್ತಾರೆ: "ಒಬ್ಬರ ಹಿಂದಿನದನ್ನು ಕೆದಕುವುದು ಸಭ್ಯರ ಕೆಲಸವೇ?" ಮಲಗುವ ಕೋಣೆಯನ್ನು ಇಣುಕುವುದು ಸಭ್ಯರ ಕೆಲಸವಲ್ಲ, ನಿಜ. ಅಭ್ಯರ್ಥಿಯ ಮಗಳ ಮದುವೆ, ಮಡದಿಯ ಉಡುಗೆ, ಜಾತಿ, ಕಾಯಿಲೆಗಳ ಬಗ್ಗೆ ನಾಲಗೆ ಚಾಚುವವರನ್ನು ನಾನು ಮನೆಯೊಳಕ್ಕೆ ಕರೆಯಲಾರೆ. ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಸುಳ್ಳನ್ನು ಹಬ್ಬಿಸುವುದನ್ನು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(4)ನೇ ಕಲಮು ಭ್ರಷ್ಟ ಆಚರಣೆಯೆಂದೇ ಕರೆದಿದೆ. ಆದರೆ ಪ್ರಮಾಣಪತ್ರ ಆತನೇ ಸಹಿ ಹಾಕಿ ನಮ್ಮ ಮುಂದಿಟ್ಟ ಕಾಗದ. ಅದನ್ನು ಓದದಿರುವುದು ಯಾವ ಸಭ್ಯತೆ? ಸಾಮಾನ್ಯವಾಗಿ ದಾಖಲೆಯನ್ನು ಓದದವನೇ ಗಾಳಿಸುದ್ದಿಯನ್ನು ಹಂಚುವವನು. ಓದುವವರು ಹೆಚ್ಚಿದಷ್ಟೂ ಸಿ.ಡಿ.ಗಳ ಬೆಲೆ ಇಳಿಯುತ್ತದೆ.

ಆಳುವವರ ಮೇಲೂ, ಆಯೋಗದ ಮೇಲೂ ನನ್ನ ತಕರಾರಿದೆ. 2023ರಲ್ಲಿ ನಾಮಪತ್ರ ಸಲ್ಲಿಸಲು ಕೊನೆಯ ದಿನ ಏಪ್ರಿಲ್ 20, ಮತದಾನ ಮೇ 10. ಇಪ್ಪತ್ತು ದಿನಗಳಲ್ಲಿ ಮತದಾರನು ಎಲ್ಲವನ್ನೂ ಹುಡುಕಿ, ಓದಿ, ತಾಳೆ ನೋಡಬೇಕು. ಅವನ ಕೈಗೆ ಸಿಗುವುದಾದರೂ ಏನು? ಹಲವು ಪ್ರಮಾಣಪತ್ರಗಳು ಮಸುಕಾದ ಸ್ಕ್ಯಾನ್ ಪ್ರತಿಗಳು, ಒಂದು ಪದವನ್ನೂ ಯಂತ್ರದಿಂದ ಹುಡುಕಲಾಗದಂಥವು. ಎಷ್ಟೋ ಪತ್ರಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ. ಕನ್ನಡದಲ್ಲಿ ಮತ ಕೇಳುವವರು ಕನ್ನಡದಲ್ಲಿ ಆಸ್ತಿ ಹೇಳಲು ಏಕೆ ಹಿಂಜರಿಯಬೇಕು? ಸುಳ್ಳು ಪ್ರಮಾಣಕ್ಕೆ 125-ಎ ಕಲಮಿನಲ್ಲಿರುವ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು, ಅಥವಾ ದಂಡ. ಬರಿಯ ದಂಡದಲ್ಲಿಯೇ ಮುಗಿಯಬಹುದಾದ ಶಿಕ್ಷೆಗೆ ಕೋಟ್ಯಧಿಪತಿ ಏಕೆ ಅಂಜುತ್ತಾನೆ? ಮೊಕದ್ದಮೆಯಿರುವವರನ್ನು ಏಕೆ ಆರಿಸಿದಿರೆಂದು ಪಕ್ಷಗಳು ಕಾರಣ ಕೊಡಬೇಕು, ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಕೂಡದು ಎಂದು ಸುಪ್ರೀಂ ಕೋರ್ಟು 2020ರ ಫೆಬ್ರವರಿ 13ರಂದು ಆದೇಶಿಸಿತು. ಅದನ್ನು ಪಾಲಿಸದ ಪಕ್ಷಗಳಿಗೆ 2021ರ ಆಗಸ್ಟಿನಲ್ಲಿ ದಂಡವನ್ನೂ ವಿಧಿಸಿತು. ಅದೇ ನ್ಯಾಯಾಲಯ 2024ರ ಏಪ್ರಿಲ್ 9ರಂದು, ಅರುಣಾಚಲ ಪ್ರದೇಶದ ವಿಧಾನಸಭಾ ಕ್ಷೇತ್ರವೊಂದರ ಪ್ರಕರಣದಲ್ಲಿ, ಅಭ್ಯರ್ಥಿಯು ತನ್ನ ಪ್ರತಿಯೊಂದು ಚರಾಸ್ತಿಯನ್ನೂ ಹೇಳಬೇಕಾಗಿಲ್ಲ, ಮತದಾರನ ಹಕ್ಕು ಅಪರಿಮಿತವಲ್ಲ ಎಂದಿತು. ಉಟ್ಟ ಬಟ್ಟೆಯ ಲೆಕ್ಕ ನನಗೂ ಬೇಡ. ಆದರೆ ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ಬರೆಯುವವನ ವಿವೇಚನೆಗೆ ಬಿಟ್ಟರೆ, ಪ್ರಶ್ನೆಪತ್ರಿಕೆಯಲ್ಲಿ ಯಾವ ಪ್ರಶ್ನೆ ಕಡ್ಡಾಯವೆಂದು ವಿದ್ಯಾರ್ಥಿಯೇ ತೀರ್ಮಾನಿಸಿದಂತಾಗುತ್ತದೆ.

"ಎಲ್ಲರೂ ಕಳ್ಳರೇ" ಎಂಬ ಕೊನೆಯ ಮಾತನ್ನು ಮಾತ್ರ ನನ್ನೆದುರು ಆಡಬೇಡಿ. ಅದನ್ನು ಕೇಳಿ ಹೆಚ್ಚು ಸಂತೋಷಪಡುವವನು ನಿಜವಾದ ಕಳ್ಳ. ಎಲ್ಲರ ಮುಖಕ್ಕೂ ಮಸಿ ಬಳಿದರೆ ಅವನ ಮಸಿ ಕಾಣುವುದಿಲ್ಲ. ಒಂದಿಷ್ಟಾದರೂ ನೇರವಾಗಿ ನಡೆದುಕೊಂಡು, ಸಾಲವನ್ನು ಸಾಲವೆಂದೇ ಬರೆದ ಅಭ್ಯರ್ಥಿಗೆ ನಾವು ಮಾಡುವ ಅನ್ಯಾಯವದು. ದಾಖಲೆ ಓದುವುದರ ಅರ್ಧ ಫಲ ತಪ್ಪಿತಸ್ಥರನ್ನು ಹಿಡಿಯುವುದಾದರೆ, ಇನ್ನರ್ಧ ಫಲ ಯೋಗ್ಯರನ್ನು ಗುರುತಿಸುವುದು.

ಮುಂದಿನ ವಿಧಾನಸಭಾ ಚುನಾವಣೆ ಅವಧಿಯಂತೆ ಬಂದರೆ 2028ರಲ್ಲಿ. ನಮ್ಮಲ್ಲಿ 224 ಕ್ಷೇತ್ರಗಳು; ನೀವು, ನನ್ನ ವಿದ್ಯಾರ್ಥಿಗಳು, ಅವುಗಳಲ್ಲಿ ಹಲವೆಡೆ ಚದುರಿ ನೆಲೆಸಿದ್ದೀರಿ. ನಾಮಪತ್ರದ ದಿನದವರೆಗೆ ಕಾಯಬೇಡಿ. ನಿಮ್ಮ ಕ್ಷೇತ್ರದಲ್ಲಿ 2018, 2023ರಲ್ಲಿ ನಿಂತವರ ಪ್ರಮಾಣಪತ್ರಗಳನ್ನು ಈಗಲೇ ಇಳಿಸಿಕೊಂಡು ಒಂದು ನೋಟುಪುಸ್ತಕದಲ್ಲಿ ಎರಡು ಅಂಕಣಗಳಲ್ಲಿ ಬರೆದಿಡಿ. ನೀವು ಮೆಚ್ಚುವ ಅಭ್ಯರ್ಥಿಯದನ್ನು ಮೊದಲು ಓದಿ, ಮೆಚ್ಚದವರದ್ದು ಆಮೇಲೆ. ಈ ಅನುಕ್ರಮವನ್ನು ತಪ್ಪಿಸಬೇಡಿ, ತಪ್ಪಿಸಿದರೆ ನೀವೂ ಪಕ್ಷದ ಕಚೇರಿಯ ಗುಮಾಸ್ತರಾಗುವಿರಿ. ಸುಳ್ಳು ಕಂಡರೆ ಕೂಗಾಡುವ ಬದಲು, ದಾಖಲೆ ಸಹಿತ ಪ್ರತಿ-ಪ್ರಮಾಣಪತ್ರವನ್ನು ಚುನಾವಣಾಧಿಕಾರಿಗೆ ಸಲ್ಲಿಸಿ. ಅದನ್ನೂ ಮೂಲ ಪತ್ರದಂತೆಯೇ ಸಾರ್ವಜನಿಕರ ಅವಗಾಹನೆಗೆ ಇಡಬೇಕೆಂಬುದು ಆಯೋಗದ ನಿಯಮ. ಓಟು ಕೇಳಲು ಬಂದವರ ಮುಂದೆ ಕೈಮುಗಿದು, ಪುಟ ತೆರೆದು, "ಸ್ವಾಮಿ, ಈ ಸರ್ವೆ ನಂಬರು ಎಲ್ಲಿಂದ ಬಂತು?" ಎಂದು ವಿನಯದಿಂದಲೇ ಕೇಳಿ. ಉತ್ತರ ಇರುವವರು ನಿಂತು ಹೇಳುತ್ತಾರೆ. ಇಲ್ಲದವರು ಮುಂದಿನ ಮನೆಗೆ ಹೋಗುತ್ತಾರೆ.

ಅಕ್ಷರ ಕಲಿಸಿದವನ ಕೋರಿಕೆ ಇಷ್ಟೇ: ಕಲಿತ ಅಕ್ಷರವನ್ನು ಅಲ್ಲಿಯೂ ಬಳಸಿ.

ನಿಮ್ಮ ಮೇಷ್ಟ್ರು