ರಂಜಕ ಕಾದಂಬರಿಗಳ ಮೇಲಿನ ಮುನಿಸು

ಅರಮನೆಯ ಒಳಸಂಚು, ಕತ್ತಿವರಸೆ, ಪ್ರಣಯಗಳಿಂದ ಕಿಕ್ಕಿರಿದ ಕಾದಂಬರಿಗಳು ಓದುಗನನ್ನು ಸಂಸಾರದ ಹೊಣೆಯಿಂದ ಓಡಿಸುವುವೆಂದು ನಮ್ಮ ವಿದ್ವಾಂಸರು ಮೂಗುಮುರಿಯುವುದುಂಟು. ಓಡಿಸುವುದು ದಿಟವೇ. ಆದರೆ ಓಡಿದವನು ಯಾವ ಭಾಷೆಯ ನೆರಳನ್ನು ಸೇರಿದನೆಂಬುದನ್ನು ಈ ಮಹನೀಯರು ವಿಚಾರಿಸುವುದಿಲ್ಲ.

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯು ಮೆರೆಯುತ್ತಿದ್ದ ಕಾಲವೊಂದಿತ್ತು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಅದರ ಉಪಕಾರವು ದೊಡ್ಡದು. ಆದರೂ ಸಭೆಗೆ ಬಾರದವರ ಮನೆಯ ಬಾಗಿಲಿಗೇ ಕನ್ನಡವನ್ನು ಮುಟ್ಟಿಸಿದವರು ಗಳಗನಾಥರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನೇ ಅವರು ಕನ್ನಡಕ್ಕಿಳಿಸಿದರು, 1923ರ ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರದ ಉದಯವನ್ನು ಕತೆಯಾಗಿಸಿದರು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕತೆಗಳಿಂದ ಇದೇ ಸೇವೆಯನ್ನು ಸಲ್ಲಿಸಿದರು. 1956ರಲ್ಲಿ ನಕಾಶೆಯ ಮೇಲೆ ನಾಡು ಒಂದಾಗುವುದಕ್ಕೆ ಎಷ್ಟೋ ಮೊದಲಿನ ಮಾತಿದು.

ಕಳೆದುಹೋದ ಮರಣಪತ್ರವು ಕಡೆಯ ಗಳಿಗೆಯಲ್ಲಿ ಹಳೆಯ ಪೆಟ್ಟಿಗೆಯಿಂದ ಹೊರಬೀಳುವುದು ಕತೆಯಲ್ಲಿ ಮಾತ್ರವೆಂದು ವಕೀಲಿಯವರಾದ ನಾವು ಬಲ್ಲೆವು. ನಮ್ಮ ಕಕ್ಷಿಗಾರನೂ ಬಲ್ಲನು! ಹಗಲೆಲ್ಲ ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಮುಂದಿನ ತಾರೀಖನ್ನಷ್ಟೇ ಪಡೆದು ಮರಳಿದವನಿಗೆ, ನ್ಯಾಯವು ಮುನ್ನೂರು ಪುಟಗಳಲ್ಲಿ ಮುಗಿಯುವ ಲೋಕವೊಂದು ರಾತ್ರಿಯ ಹೊತ್ತಿಗಾದರೂ ಬೇಡವೇ?

ಇಂದು ಆ ಲೋಕವು ಪರಭಾಷೆಗಳ ಧಾರಾವಾಹಿಗಳಾಗಿ ಅವನ ಅಂಗೈಯ ಯಂತ್ರದೊಳಗೇ ಬಂದಿಳಿಯುತ್ತಿದೆ. ಗ್ರಂಥಾಲಯಗಳಿಗೆ ಪುಸ್ತಕಗಳನ್ನಾರಿಸುವ ಪಂಡಿತರು ರಂಜಕ ಕಾದಂಬರಿಯನ್ನು ಹೊರಗಿಡುವ ಮುನ್ನ, ಆ ಓದುಗನು ಬರಿಗೈಯಲ್ಲಿ ಯಾವ ಕಡೆಗೆ ತಿರುಗುವನೆಂಬುದನ್ನು ಹೇಳಲಿ.